ಸಾಹೇಬರ ಪಾಸ್‌ವರ್ಡ್

ರಜೆಗೆ ಹೋಗುವಾಗ ಮ್ಯಾನೇಜರ್ ಬಾಯಲ್ಲೇ ಹೇಳಿಹೋಗಿದ್ದ ಪಾಸ್‌ವರ್ಡ್ ಶಿವರಾಜನ ಬಳಿಯೇ ಉಳಿದಿತ್ತು. ಒಂದು ದಿನ ಕುತೂಹಲ ತಡೆಯಲಾರದೆ ಸಿಬ್ಬಂದಿಯ ಗೋಪ್ಯ ಕಡತ ತೆರೆದ. ಖಡಕಿ ಊರಿನ ಆ ಕಚೇರಿಗೆ ತನ್ನನ್ನು ಸೇರಿಸಿದ್ದ ಹಿರಿಯ ಗುಮಾಸ್ತ ಹೊಳಬಸಪ್ಪನನ್ನೇ ಕೆಲಸದಿಂದ ತೆಗೆಯುವ ತೀರ್ಮಾನ ಅಲ್ಲಿತ್ತು.

"ಕಾಕಾ, ಈಗಿಂದನ ಬ್ಯಾರೆ ಕಡೆ ನೋಡ್ರಿ," ಎಂದು ಚಹಾದಂಗಡಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟ. ಹೊಳಬಸಪ್ಪ ಅವನ ಕೈ ಹಿಡಿದು ಕಣ್ಣೊರೆಸಿಕೊಂಡ.

ಮರುದಿನ ಮ್ಯಾನೇಜರ್ ಶಿವರಾಜನನ್ನು ಕರೆದು, ತಾನು ಪಾಸ್‌ವರ್ಡ್ ಕೊಟ್ಟೇ ಇಲ್ಲವೆಂದು ಸಾಧಿಸಿ, ಕೆಲಸದಿಂದ ಕಿತ್ತುಹಾಕಿದ. ದೂರು ಕೊಟ್ಟವನು ಹೊಳಬಸಪ್ಪ; ಅದರಿಂದ ಅವನ ಕೆಲಸ ಉಳಿದಿತ್ತು.

ಗೇಟಿನ ಬಳಿ ಅವನೇ ಎದುರಾದ. "ನಿನಗ ಇನ್ನೂ ವಯಸ್ಸದ, ಎಲ್ಲೆರ ಸಿಗತದ. ನನಗ ಈಗ ಯಾರು ಕೊಡ್ತಾರಪಾ?"

ಬೈಯಲೆಂದು ಬಾಯಿ ತೆರೆದ ಶಿವರಾಜ, ಆ ಮಾತು ನಿಜವೆನಿಸಿ, ಗೇಟು ದಾಟಿ ಹೊರಗೆ ನಡೆದ.