ಹಸಿರು ಕುರ್ಚಿ, ನೀಲಿ ಕುರ್ಚಿ

"ಊರಿಗೂರೇ ಹಸಿರು ಅಂತಿದೆಯಲ್ಲ, ಇದು ಹೇಗೆ?" ಎನ್ನುತ್ತ ದೆಸ್ಪಿನಾ ಕಾಗದದ ಕಟ್ಟನ್ನು ಮೇಜಿನ ಮೇಲೆ ಹಾಕಿದಳು. "ಹೋದ ಚುನಾವಣೇಲಿ ಅರ್ಧಕ್ಕರ್ಧ ವೋಟು ನೀಲಿ ಪಕ್ಷಕ್ಕೆ ಬಿದ್ದಿತ್ತು. ಇವತ್ತು ಹುಡುಕಿದ್ರೂ ಒಬ್ಬ ನೀಲಿಯವನು ಸಿಗ್ಲಿಲ್ಲ!"

ಲೋಟ ಒರೆಸುತ್ತಿದ್ದ ಅನೆಸ್ತಿಸ್‌ಗೆ ನಗು ತಡೆಯುವುದೇ ಕಷ್ಟವಾಯಿತು. ಲಾರಿಸಾ ಪಟ್ಟಣದಿಂದ ಚುನಾವಣಾ ಸಮೀಕ್ಷೆಗೆ ಬಂದ ಈ ಹುಡುಗಿ ಬಸ್ಸಿಳಿದವಳೇ ಎದುರಿಗೆ ಸಿಕ್ಕ ಹಸಿರು ಕುರ್ಚಿಯಲ್ಲಿ ಕೂತು ಕಾಫಿ ಕುಡಿದಿದ್ದಳು. ಅಲ್ಲಿಗೆ ಕೆಲಸ ಕೆಟ್ಟಿತು. ಚೌಕದ ಈಚೆಗೆ ಅವನ ಮಾವ ಸ್ತೆರ್ಗಿಯೋಸನ ಹಸಿರು ಕುರ್ಚಿಗಳ ಕಾಫಿ ಅಂಗಡಿ, ಆಚೆಗೆ ಫೋತಿಸನ ನೀಲಿ ಕುರ್ಚಿಗಳದ್ದು. ಎಲ್ಲಿ ಕಾಫಿಯೋ ಅಲ್ಲೇ ವೋಟು. ಅವಳು ಮೊದಲ ಬಾಗಿಲು ತಟ್ಟುವ ಮೊದಲೇ, ಹಸಿರು ಪಕ್ಷದವರು ತಲೆ ಎಣಿಸಲು ಹುಡುಗಿಯನ್ನು ಕಳಿಸಿದ್ದಾರೆಂಬ ಸುದ್ದಿ ಊರ ಕೊನೆ ಮುಟ್ಟಿತ್ತು. ಸರ್ಕಾರವೂ ಹಸಿರಿನವರದೇ. ಮಗನಿಗೆ ನೌಕರಿ ಕೇಳಿಕೊಂಡು ಓಡಾಡುವವರಿಗೆ ನಿಜ ಹೇಳಲು ಹುಚ್ಚೇ?

"ಇನ್ನು ನೀವೊಬ್ಬರೇ ಬಾಕಿ," ಎಂದು ಅವಳು ಅನೆಸ್ತಿಸ್ ಕಡೆ ತಿರುಗಿದಳು.

"ಅವನನ್ನೇನಮ್ಮ ಕೇಳ್ತೀಯ?" ಸ್ತೆರ್ಗಿಯೋಸ್ ಒಲೆಯ ಹತ್ತಿರದಿಂದಲೇ ಕೂಗಿದ. "ನನ್ನ ಮನೆ ಅಳಿಯ. ನನ್ನ ರೊಟ್ಟಿ ತಿಂದು ನೀಲಿಗೆ ಹಾಕ್ತಾನಾ? ಹಸಿರು ಅಂತ ಬರ್ಕೊ, ಮುಗೀತು."

"ಹೊಟ್ಟೆ ಅಳಿಯಂದು, ಬಾಯಿ ಮಾವಂದು!" ಎಂದು ಇಸ್ಪೀಟಾಡುತ್ತಿದ್ದವನೊಬ್ಬ ಕಿಚಾಯಿಸಿದ. ಎಲ್ಲರೂ ನಕ್ಕರು.

ಮದುವೆಯಾಗಿ ಈ ಮನೆ ಸೇರಿದಾಗಿನಿಂದ ಪ್ರತಿ ಚುನಾವಣೆಯಲ್ಲೂ ಅನೆಸ್ತಿಸ್ ಪರದೆಯ ಹಿಂದೆ ನೀಲಿಗೇ ವೋಟು ಹಾಕಿ, ಹೊರಬಂದು ಮಾವನ ಜೊತೆ ಹಸಿರಿನ ಹೆಸರಲ್ಲಿ ಊಝೋ ಸಾರಾಯಿ ಕುಡಿದಿದ್ದ. ಹೆಂಡತಿ ಎವಾಂಥಿಯಾಗೂ ಬಾಯಿ ಬಿಟ್ಟಿರಲಿಲ್ಲ. ಗೊತ್ತಾದರೆ ಮುದುಕ ಹೊಸ್ತಿಲು ತುಳಿಯಗೊಡುವವನಲ್ಲ. ತನ್ನದೆನ್ನಲು ಅವನಿಗೆ ಬೇರೆ ಸೂರೂ ಇರಲಿಲ್ಲ.

"ಬೇರೆಯವರು ಹೇಳಿದ್ದು ಬರ್ಕೊಳೋ ಹಾಗಿಲ್ಲ, ಅಜ್ಜ," ಎಂದಳು ದೆಸ್ಪಿನಾ. ಆಮೇಲೆ ದನಿ ತಗ್ಗಿಸಿದಳು. "ಯಾರಾದ್ರೂ ಗೆಲ್ಲಲಿ ಅಣ್ಣಾ. ಇವರೆಲ್ಲ ನನ್ಹತ್ರ ಯಾಕೆ ಸುಳ್ಳು ಹೇಳಿದ್ರು ಅನ್ನೋದೇ ನನ್ನ ತಲೆ ಕೊರೀತಿದೆ."

ಕೇಳಿ ಸುಮ್ಮನೆ ಕಾದಳು. ಈ ಮನೆಯಲ್ಲಿ ಅವನನ್ನು ಏನಾದರೂ ಕೇಳಿ, ಉತ್ತರಕ್ಕಾಗಿ ಕಾದವರೇ ಇರಲಿಲ್ಲ. ಅನೆಸ್ತಿಸ್ ಬಟ್ಟೆ ಕೆಳಗಿಟ್ಟ.

"ಬಾರಮ್ಮ, ತೋರಿಸ್ತೀನಿ."

ಅವನು ಚೌಕ ದಾಟತೊಡಗಿದಾಗ ಎರಡೂ ಕಡೆ ಇಸ್ಪೀಟು ನಿಂತುಹೋಯಿತು. ನೇರವಾಗಿ ಹೋಗಿ ನೀಲಿ ಕುರ್ಚಿಯಲ್ಲಿ ಕೂತ.

"ನೀನು ಇಲ್ಲೂ ಒಂದು ಕಾಫಿ ಕುಡೀಬೇಕಿತ್ತು. ಕೇಳೋರು ಎಲ್ಲಿ ಕೂತಿದ್ರು ಅಂತ ನೋಡ್ಕೊಂಡೇ ನಮ್ಮೂರು ಬಾಯಿ ಬಿಡೋದು."

ದೆಸ್ಪಿನಾ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಬುದ್ಧಿಗಿಷ್ಟು!" ಮರುಗಳಿಗೆಯೇ ಅವಳ ಹುಬ್ಬು ಗಂಟಿಕ್ಕಿತು. "ಹಾಗಾದ್ರೆ ನೀಲಿ ಕುರ್ಚೀಲಿ ಕೂತು ನೀವು ಹೇಳೋದನ್ನ ನಾನು ಹೇಗೆ ನಂಬ್ಲಿ?"

"ಅಲ್ಲಿ ನನ್ನ ಮಾವ ನೋಡ್ತಿದ್ದಾನೆ. ಲಾಭಕ್ಕೆ ಸುಳ್ಳು ಹೇಳೋರುಂಟು; ಇರೋ ಮನೆ ಕಳ್ಕೊಳೋಕೆ ಯಾರಾದ್ರೂ ಸುಳ್ಳು ಹೇಳ್ತಾರೇನಮ್ಮ? ನೀಲಿ ಅಂತ ಬರ್ಕೊ."

ಅವಳು ಬರೆದುಕೊಂಡಳು. ಫೋತಿಸ್ ಬಂದು ಬೆನ್ನು ತಟ್ಟಿದ, "ಭಲೇ!" ಎಂದ. ಅನೆಸ್ತಿಸ್‌ಗೆ ಅದೊಂದೂ ರುಚಿಸಲಿಲ್ಲ.

"ಅಳಿಯಂದ್ರೇ!" ಆ ಕಡೆಯಿಂದ ಸ್ತೆರ್ಗಿಯೋಸ್ ಕೂಗಿದ. ಯಾವತ್ತೂ ಏಕವಚನ ಬಿಟ್ಟು ಮಾತಾಡದ ಮನುಷ್ಯ. "ಊಟಾನೂ ಅಲ್ಲೇ ಹಾಕ್ತಾರೇನ್ರೀ?"

ಅಷ್ಟರಲ್ಲಿ ಅಂಗಡಿಯ ಮೇಲಿನ ಮನೆಯ ಕಿಟಕಿ ತೆರೆಯಿತು. ಎವಾಂಥಿಯಾ ಹೊರಗೆ ಬಗ್ಗಿ ಅಪ್ಪನನ್ನು ನೋಡಿದಳು, ಚೌಕದಾಚೆ ಗಂಡನನ್ನು ನೋಡಿದಳು.

"ಸಾರು ಆರಿ ತಣ್ಣಗಾಗ್ತಿದೆ!" ಊರಿಗೆಲ್ಲ ಕೇಳುವಂತೆ ಕೂಗಿದಳು. "ಇಬ್ಬರೂ ಬಂದ್ರೆ ಬಡಿಸ್ತೀನಿ. ಒಬ್ಬರಿಗೆ ಬಡಿಸಲ್ಲ."

ಮುದುಕ ಏನೋ ಗೊಣಗಿದ. ಮೆಟ್ಟಿಲ ಕಡೆ ಹೋದವನು ತಿರುಗಿ ಚೌಕಕ್ಕಿಳಿದ. ನಡುವಿನ ನಲ್ಲಿಯವರೆಗೆ ಬಂದು ನಿಂತ. ಅಳಿಯನ ಕಡೆ ನೋಡಲಿಲ್ಲ; ವಾಪಸ್ಸೂ ಹೋಗಲಿಲ್ಲ.