ಗಾಜು ಒರೆಸುವ ಕೈ

ಎತ್ತಿತು, ಮತ್ತೆ ಎತ್ತಿತು ಬಲಗೈ, ಐದು ಬೆರಳೂ ಬಿಡಿಸಿಕೊಂಡು, ಗಾಳಿಯಲ್ಲೇ ಗಾಜು ಒರೆಸುವ ಹಾಗೆ ನಿಧಾನವಾಗಿ ಒಂದು ಸುತ್ತು ತಿರುಗಿಸಿ ಕೆಳಗಿಟ್ಟಿತು — ಭೂಮಿ ಹುಟ್ಟಿದಾಗಿನಿಂದ ಎಷ್ಟು ಜನ ಚಕ್ರವರ್ತಿಗಳು ಆಗಿಹೋದರೋ, ಅವರಲ್ಲಿ ಒಬ್ಬನಿಗಾದರೂ ಓತಿಕ್ಯಾತ ಎದ್ದು ನಿಂತು ಸೆಲ್ಯೂಟ್ ಹೊಡೆದದ್ದುಂಟಾ, ನನಗೆ ಹೊಡೆಯುತ್ತದೆ, ದಿನಕ್ಕೆ ನಾನೂರು ಸಲ, ಭಾನುವಾರ ಅಂತಲೂ ನೋಡುವುದಿಲ್ಲ, ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತಿದೆ ಅಂದರೆ ಅದು ಕೈ ಎತ್ತಿತು ಅಂತಲೇ ಲೆಕ್ಕ, ಸರಿ, ನಾನೂರಲ್ಲದಿದ್ದರೆ ನಲವತ್ತು, ಗಡ್ಡದ ಡ್ರ್ಯಾಗನ್ ಅಂತೆ ಇದರ ಜಾತಿ, ಮೊಳದುದ್ದ ಮೈ, ಕುತ್ತಿಗೆಯ ಸುತ್ತ ಮುಳ್ಳುಮುಳ್ಳಾದ ಗಡ್ಡ, ಆ ಗಡ್ಡ ನೋಡಿಯೇ ಅಕ್ಕ ಇದಕ್ಕೆ ಅಜ್ಜಯ್ಯ ಅಂತ ಹೆಸರಿಟ್ಟಿದ್ದು, ಅಜ್ಜಯ್ಯನ ವಯಸ್ಸು ಎರಡು ವರ್ಷ, ಹೊಸದರಲ್ಲಿ ಗಡ್ಡ ಒಣಹುಲ್ಲಿನ ಬಣ್ಣ ಇತ್ತು, ಈಗ ಇದ್ದಿಲು, ಯೌವನ ಬಂದಿದೆ, ನನ್ನ ಕೈಗೆ ಬಂದಮೇಲೆ ಮುದುಕರಿಗೂ ಗಡ್ಡ ಕಪ್ಪಾಗುತ್ತದೆ, ಹಾಗಂತ ನಿನ್ನೆ ಕ್ಷೌರದಂಗಡಿಯವನಿಗೆ ಹೇಳಿದೆ, ಅವನ ಗೋಡೆಗೆ ಆರಡಿ ಕನ್ನಡಿ ಕೊಯ್ದು ಕೊಟ್ಟವನು ನಾನೇ, ನಂಬಿದ, ನಂಬಿದ ಹಾಗೆ ತಲೆ ಆಡಿಸಿದ, ಗಂಟೆ ಹನ್ನೊಂದು, ಅಕ್ಕ ಹನ್ನೆರಡಕ್ಕೆ ಬರುತ್ತಾಳೆ.

ಬರಲಿ, ನನಗೇನು ಭಯ, ಮೂರನೇ ವಯಸ್ಸಿನಲ್ಲಿ ಆಳೆತ್ತರದ ನಿಲುಗನ್ನಡಿಯ ಎದುರು ನಿಂತು ಅದನ್ನೇ ದುರುಗುಟ್ಟಿ ನೋಡಿ ಕಣ್ಣು ಮಿಟುಕಿಸುವ ಹಾಗೆ ಮಾಡಿದವನು ನಾನು, ಕನ್ನಡಿಯೇ ಸೋತಿತು, ಆವತ್ತೇ ತೀರ್ಮಾನವಾಯಿತು ನಾನು ಗಾಜಿನ ಕೆಲಸಕ್ಕೆ ಹುಟ್ಟಿದವನು ಅಂತ, ಈ ಊರಲ್ಲಿ ಮುಖ ಇರುವವರೆಲ್ಲ ನನ್ನ ಕನ್ನಡಿಯಲ್ಲೇ ಅದನ್ನು ನೋಡಿಕೊಂಡಿರುವುದು, ನಾನು ಒರೆಸಿದ ಗಾಜಿಗೆ ಹದ್ದು ಬಂದು ಡಿಕ್ಕಿ ಹೊಡೆದಿದೆ, ಗುಬ್ಬಿಯೂ ಹೊಡೆದಿದೆ, ಗುಬ್ಬಿಯೇ ಹೊಡೆದದ್ದು, ಆದರೆ ಹೊಡೆದ ಸದ್ದು ಹದ್ದಿನದು — ರೀ, ಅದು ಇವತ್ತೂ ತಿಂದಿಲ್ಲ, ಅಂತಾಳೆ ಹಿಂದಿನಿಂದ ಹೆಂಡತಿ, ಕನ್ನಡಿಗೆ ಚೌಕಟ್ಟು ಕೂರಿಸುತ್ತಾ, ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡೇ ಮಾತಾಡುವುದು ಇವಳಿಗೊಬ್ಬಳಿಗೇ ಸಾಧ್ಯ, ಮೊಳೆ ಇದ್ದರೂ ಮಾತು ಮಾತ್ರ ನೆಟ್ಟಗೆ ಬಂದು ಚುಚ್ಚುತ್ತದೆ, ತಿನ್ನುತ್ತೆ ಬಿಡೇ, ದೊಡ್ಡವರು ಹೊತ್ತು ನೋಡಿ ತಿಂತಾರೆ, ಅಂದೆ, ಆರು ದಿನದಿಂದ ಹೊತ್ತು ಬಂದಿಲ್ವಾ ಅಂತ ಕೇಳಿದಳು, ಠಕ್ ಠಕ್, ಮೊಳೆ ಒಳಗೆ ಹೋಯಿತು, ಸೊಪ್ಪು ಹಾಕಿದ ಬಟ್ಟಲು ಹಾಕಿದ ಹಾಗೇ ಇದೆ, ಅಂಚು ಬಾಡಿದೆ, ಅವನ ಊಟಕ್ಕೆಂದು ಡಬ್ಬಿಯಲ್ಲಿಟ್ಟಿದ್ದ ಚಿಮ್ಮಂಡೆ ಹುಳುಗಳಲ್ಲಿ ಮೂರು ತಪ್ಪಿಸಿಕೊಂಡು ಗಲ್ಲಾಪೆಟ್ಟಿಗೆ ಕೆಳಗೆ ಸಂಸಾರ ಹೂಡಿವೆ, ಗಿರಾಕಿ ಬಂದಾಗಲೆಲ್ಲ ಕಿರ್ ಅನ್ನುತ್ತವೆ, ಉಳಿದವು ಅಜ್ಜಯ್ಯನ ಮೂಗಿನ ಮೇಲೇ ನಡೆದಾಡಿದರೂ ಅವನು ಬಾಯಿ ತೆರೆಯುವುದಿಲ್ಲ, ಅವನ ಕಣ್ಣೆಲ್ಲ ಎದುರಿಗಿರುವವನ ಮೇಲೆ, ಅಂದರೆ ನನ್ನ ಮೇಲೆ, ನನ್ನ ಮೇಲೆಯೇ.

ಒಂಬತ್ತು ದಿನವಾಯಿತು ಅಕ್ಕ ಮೊಣಕಾಲಿನ ಆಪರೇಷನ್ನಿಗೆ ಅಂತ ಆಸ್ಪತ್ರೆ ಸೇರಿ, ಹೋಗುವಾಗ ಗಾಜಿನ ಪೆಟ್ಟಿಗೆ ಸಮೇತ ಇವನನ್ನು ಅಂಗಡಿಗೆ ತಂದಿಟ್ಟು, ತಮ್ಮಾ, ಇವನು ಬಹಳ ಪುಕ್ಕಲ, ಅಂದಳು, ಯಾರೋ ಸಾಕಿ ಬೇಸರವಾಗಿ ರಟ್ಟಿನ ಡಬ್ಬಿಯಲ್ಲಿ ಹಾಕಿ ಲೈಬ್ರರಿಯ ಮೆಟ್ಟಿಲ ಮೇಲೆ ಬಿಟ್ಟುಹೋಗಿದ್ದರಂತೆ, ಅಕ್ಕ ಆ ಲೈಬ್ರರಿಯಲ್ಲಿ ಮೂವತ್ತು ವರ್ಷದಿಂದ ಜನರಿಗೆ ಶ್ ಅನ್ನುತ್ತಾ ಇರುವವಳು, ಮನೆಗೆ ತಂದಳು, ನಾಲ್ಕು ತಿಂಗಳು ದಿನಾ ಸಂಜೆ ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಸುಮ್ಮನೆ ಪೇಪರ್ ಓದಿದಳು, ಮುಟ್ಟಲಿಲ್ಲ, ಕರೆಯಲಿಲ್ಲ, ಪಕ್ಕದಿಂದ ಅಂಗೈ ಮಲಗಿಸಿ ಇಟ್ಟು ಇವನು ನೋಡಲಿ ಅಂತ ಕಾದಳು, ನಾಲ್ಕು ತಿಂಗಳ ಮೇಲೆ ಒಂದು ದಿನ ಇವನೇ ನಡೆದುಬಂದು ಅವಳ ಕೈಮೇಲೆ ಗಲ್ಲ ಊರಿ ಮಲಗಿದನಂತೆ, ಆ ಮಾತು ಹೇಳುವಾಗ ಅಕ್ಕನ ದನಿ ಲೈಬ್ರರಿಗಿಂತ ಮೆತ್ತಗಾಯಿತು, ಆಪರೇಷನ್ನಿಗೆ ಹೆದರಿಕೆ ಇಲ್ಲ ಕಣೋ, ಇವನು ಮತ್ತೆ ಆ ರಟ್ಟಿನ ಡಬ್ಬಿಯ ಕಾಲದ ಹಾಗಾದರೆ ಅನ್ನೋದೇ ಹೆದರಿಕೆ, ಈ ವಯಸ್ಸಲ್ಲಿ ಇನ್ನೊಂದು ಸಲ ನಾಲ್ಕು ತಿಂಗಳು ಎಲ್ಲಿಂದ ತರಲಿ, ಅಂದಳು, ನಾನು ಎದೆ ತಟ್ಟಿಕೊಂಡೆ, ಅಕ್ಕಾ ನಾಲ್ಕು ತಿಂಗಳು ಯಾಕೆ, ನನಗೆ ನಾಲ್ಕು ನಿಮಿಷ ಸಾಕು, ಹುಲಿ ಆಗಿದ್ದರೆ ಎಂಟು.

ಒಂದು ಹಾಳೆಯ ತುಂಬ ಬರೆದುಕೊಟ್ಟಿದ್ದಳು, ನೀಲಿ ಶಾಯಿ, ಮುತ್ತಿನಂಥ ಅಕ್ಷರ, ಏನು ಮಾಡಬೇಕು ಏನು ಮಾಡಬಾರದು ಅಂತ, ಓದೋಣ ಅಂತಲೇ ಎತ್ತಿಕೊಂಡೆ, ಆದರೆ ಪೆಟ್ಟಿಗೆಯ ಗಾಜಿನ ಮೇಲೆ ಅವಳ ಬೆರಳಚ್ಚು ಕಂಡಿತು, ನನ್ನಂಥವನ ಕೈಯಲ್ಲಿ ಕಾಗದ, ಕಣ್ಣೆದುರು ಮಾಸಿದ ಗಾಜು, ಆಮೇಲೆ ಆಗುವುದು ಒಂದೇ, ಮೂವತ್ತೈದು ವರ್ಷದ ಅಭ್ಯಾಸ, ಆ ಹಾಳೆಗೇ ಉಗುಳು ಹಚ್ಚಿ ಒರೆಸಿಯೇ ಬಿಟ್ಟೆ, ಎರಡು ಸಾಲು ಉಳಿದವು, ದೀಪದ ಬಿಸಿ ಒಂದು ಮೂಲೆಗೆ ಮಾತ್ರ ಬೀಳಬೇಕು, ಮೇಲಿಂದ ಕೈ ಹಾಕಬೇಡ ಹದ್ದು ಅಂದುಕೊಳ್ಳುತ್ತಾನೆ, ಮಿಕ್ಕಿದ್ದೆಲ್ಲ ನೀಲಿ ಮೋಡ, ಆದರೆ ಗಾಜು, ಆಹಾ, ಗಾಜು ಇದೆಯೋ ಇಲ್ಲವೋ ಅನ್ನುವ ಹಾಗಾಯಿತು, ಆಗಲೇ ಕಂಡಿದ್ದು ಹಿಂದುಗಡೆಯ ಅವಮಾನ, ಮೂರು ಪಕ್ಕಕ್ಕೂ ಕಂದು ಕಾಗದ ಅಂಟಿಸಿದ್ದಾಳೆ, ಕನ್ನಡಿ ಅಂಗಡಿಯವನ ಒಡಹುಟ್ಟಿದವಳು, ಗಾಜಿಗೆ ಕಾಗದ, ಗಿರಾಕಿಗಳು ಏನೆಂದುಕೊಂಡಾರು, ಕಿತ್ತೆ, ಬ್ಲೇಡಿನಿಂದ ಗೋಂದು ಹೆರೆದೆ, ಹೆರೆದ ಮೇಲೆ ಬೋಳು ಅನ್ನಿಸಿತು, ಪಾಪ ಒಂಟಿ ಪ್ರಾಣಿ, ಜೊತೆ ಬೇಕು, ಅಂತ ಗೋದಾಮಿನಲ್ಲಿದ್ದ ಒಳ್ಳೆಯ ಕನ್ನಡಿ ಕೊಯ್ದು, ಅಂಚು ಸಾಣೆ ಹಿಡಿದು, ಹಿಂದುಗಡೆಗೆ ಕೂರಿಸಿದೆ, ಒಂದು ಪೆಟ್ಟಿಗೆ ಎರಡಾಯಿತು, ಒಬ್ಬ ಅಜ್ಜಯ್ಯ ಇಬ್ಬರಾದರು, ಸ್ವಲ್ಪ ಹೊತ್ತಿಗೆಲ್ಲ ಇವನು ತಿರುಗಿ ನೋಡಿದ, ಗಡ್ಡ ಉಬ್ಬಿತು, ಬಲಗೈ ಎತ್ತಿದ, ಗಾಜು ಒರೆಸುವ ಹಾಗೆ ಒಂದು ಸುತ್ತು, ಅಯ್ಯೋ ನನ್ನ ಕಸುಬನ್ನೇ ಕಲಿತುಬಿಟ್ಟ, ಒಂದೇ ದಿನದಲ್ಲಿ, ನೋಡಿ ಬನ್ನಿ, ಎಂದು ಕೂಗಿದೆ, ಬೀದಿಯೇ ಬಂತು, ಬೀದಿ ಅಂದರೆ ಕ್ಷೌರದಂಗಡಿಯವನು, ಔಷಧಿ ಅಂಗಡಿಯಾಕೆ, ಅವಳ ಅತ್ತೆ, ನನ್ನ ಹಿಂದೆ ನಿಂತು ಬಾಯಿ ಬಿಟ್ಟುಕೊಂಡು ನೋಡಿದರು, ಎರಡನೇ ದಿನ ಹನ್ನೆರಡು ಜನ, ಕೈ ಎತ್ತಿದಾಗ ಚಪ್ಪಾಳೆ, ಚಪ್ಪಾಳೆಗೆ ಮತ್ತೊಂದು ಸಲ ಎತ್ತಿದ, ಯಾರಿಗೆ ರೀ ಇದು ಹೀಗೆ ಮಾಡೋದು ಅಂದಳು ಅತ್ತೆ, ಯಾರಿಗೆ ಅಂತೀರಾ, ಗುರುವಿಗೆ.

ಫೋನಿನಲ್ಲಿ ಅಕ್ಕ, ಹೇಗಿದ್ದಾನೆ, ತಿಂದನಾ, ಅಂದರೆ, ತಿಂದು ತಿಂದು ಮೊಸಳೆ ಆಗಿದ್ದಾನೆ, ಪೆಟ್ಟಿಗೆ ದೊಡ್ಡದು ಮಾಡಿಸಬೇಕು, ಎದೆಮೇಲೆ ಮಲಗಿ ಗೊರಕೆ ಹೊಡೆಯುತ್ತಾನೆ, ಅಂತೆಲ್ಲ ಅಂದೆ, ಮಾತು ಬಾಯಿಂದ ಹೊರಟರೆ ನಾನೇನು ಮಾಡಲಿ, ಅದಕ್ಕೆ ಬ್ರೇಕ್ ಇಲ್ಲ, ನಿನ್ನೆಯವರೆಗಿನ ಸೊಪ್ಪನ್ನು ಮಾತ್ರ ಹಿಂದಿನ ಬಾಗಿಲಿಂದ ಮೋರಿಗೆ ಹಾಕಿದೆ, ನೋಡಲು ಬಂದವರಿಗೆ ಬಟ್ಟಲು ಖಾಲಿ ಕಾಣಬೇಕಲ್ಲ, ಹೆಂಡತಿ ನೋಡಿದಳು, ನೋಡಿ ಮೊಳೆ ಹೊಡೆದಳು, ಇವತ್ತು ಬೆಳಿಗ್ಗೆ ಅಕ್ಕನ ಫೋನು, ಬಿಟ್ಟಿದ್ದಾರೆ ಕಣೋ, ಹನ್ನೆರಡಕ್ಕೆ ನೆಟ್ಟಗೆ ಅಂಗಡಿಗೇ ಬರ್ತೀನಿ, ಆ ಖುಷಿಗೆ ಬಾಯಿ ಮತ್ತೆ ಜಾರಿತು, ಬಾ ಅಕ್ಕಾ, ನಿನ್ನ ಅಜ್ಜಯ್ಯ ಸೆಲ್ಯೂಟ್ ಹೊಡೀತಾನೆ, ಕೈ ಎತ್ತಿ, ಹೀಗೆ ಸುತ್ತಿಸಿ, ಅಂದೆ, ಯಾರನ್ನ ನೋಡಿ ಎತ್ತುತ್ತಾನೆ, ಅಂತ ಕೇಳಿದಳು, ನನ್ನನ್ನ, ಅಂದೆ, ಸರಿ ಬಂದೆ, ಅಂದಳು, ಆ ಸರಿ ಅನ್ನುವುದು ಇನ್ನೂ ಕಿವಿಯಲ್ಲಿ ಕೂತಿದೆ, ಚಿಮ್ಮಂಡೆಯ ಹಾಗೆ, ಕಿರ್ — ಎತ್ತಿದ, ಮತ್ತೆ ಎತ್ತಿದ, ಹನ್ನೆರಡಕ್ಕೆ ಐದು, ಕನ್ನಡಿ ತೆಗೆದುಬಿಡಲಾ, ಎರಡು ನಿಮಿಷದ ಕೆಲಸ, ಗೋಂದು ಹಾಕಿಲ್ಲ, ಬರೀ ಆನಿಸಿಟ್ಟದ್ದು, ತೆಗೆದರೆ ಎತ್ತುವುದಿಲ್ಲ, ಎತ್ತದಿದ್ದರೆ ಸಂಜೆ ಬರುವವರಿಗೆ ಏನು ತೋರಿಸಲಿ, ಬ್ಯಾಂಕಿನ ಮ್ಯಾನೇಜರು ಹೆಂಡತಿಯನ್ನು ಕರಕೊಂಡು ಬರುತ್ತೇನೆ ಅಂದಿದ್ದಾರೆ, ಆಟೋ ನಿಂತಿತು.

ಊರುಗೋಲು ಮೊದಲು ಇಳಿಯಿತು, ಆಮೇಲೆ ಅಕ್ಕ, ಒಂಬತ್ತು ದಿನದಲ್ಲಿ ಇಷ್ಟು ಇಳಿದಿದ್ದಾಳೆ, ಬಾ ಅಕ್ಕಾ ಕೂತ್ಕೋ, ನೀರು ತರ್ಲಾ, ನೋಡು ಹೇಗಿಟ್ಟಿದ್ದೀನಿ, ಅರಮನೆ, ಅಂದೆ, ಅಕ್ಕ ಕೂರಲಿಲ್ಲ, ಪೆಟ್ಟಿಗೆಯ ಮುಂದೆ ಬರಲೂ ಇಲ್ಲ, ಪಕ್ಕದಿಂದ ಬಂದು ನಿಂತಳು, ನೋಡಿದಳು, ಗಡ್ಡ ನೋಡಿದಳು, ಬಟ್ಟಲು ನೋಡಿದಳು, ಹಿಂದಿನ ಕನ್ನಡಿ, ಕನ್ನಡಿಯಲ್ಲಿದ್ದ ಇನ್ನೊಬ್ಬ ಅಜ್ಜಯ್ಯ, ಅವನ ಹಿಂದೆ ನನ್ನ ಮುಖ, ಎಲ್ಲ ನೋಡಿದಳು, ಬೈಯಲಿ ಅಂತ ಕಾದೆ, ಬೈದರೆ ಬಚಾವ್, ಬೈಗುಳಕ್ಕೆ ನನ್ನ ಹತ್ತಿರ ಸಾವಿರ ಉತ್ತರ ಇದೆ, ಅವಳು ಬೈಯಲಿಲ್ಲ, ಹೆಗಲ ಮೇಲಿನ ಹಳೆಯ ಶಾಲು ತೆಗೆದು, ಒಂದೇ ಕೈಯಲ್ಲಿ, ಊರುಗೋಲು ಬಿಡದೆ, ಕನ್ನಡಿಗೂ ಇವನಿಗೂ ನಡುವೆ ಮೆಲ್ಲಗೆ ಇಳಿಬಿಟ್ಟಳು, ಇನ್ನೊಬ್ಬ ಅಜ್ಜಯ್ಯ ಹೋದ, ನನ್ನ ಮುಖವೂ ಹೋಯಿತು, ಶ್, ಅಂದಳು, ಅವನಿಗೋ ನನಗೋ — ಆ ಶಾಲು ಇಳಿದ ರೀತಿ ನನಗೆ ಗೊತ್ತು, ಎಲ್ಲಿ ನೋಡಿದ್ದೆ, ನಮ್ಮ ಹಳೆಯ ಮನೆಯ ನಡುಕೋಣೆ, ಮಧ್ಯಾಹ್ನ ಮಲಗುವ ಹೊತ್ತು, ಬೀರುವಿನ ಬಾಗಿಲಿಗೆ ಆಳೆತ್ತರದ ನಿಲುಗನ್ನಡಿ, ಅದರೊಳಗೊಬ್ಬ ಹುಡುಗ, ನಾನು ಎದ್ದರೆ ಏಳುತ್ತಿದ್ದ, ಅತ್ತರೆ ಅಳುತ್ತಿದ್ದ, ಕನ್ನಡಿಯನ್ನು ದುರುಗುಟ್ಟಿ ನೋಡಿದೆ ಅಂದೆನಲ್ಲ, ಇಲ್ಲ, ಮಂಚದ ಕೆಳಗೆ ಸೇರಿಕೊಂಡಿದ್ದೆ, ಎರಡು ದಿನ ಊಟ ಬಿಟ್ಟೆ, ಎಲ್ಲರೂ ನಕ್ಕರು, ಏಳು ವರ್ಷದ ಅಕ್ಕ ನಗಲಿಲ್ಲ, ತನ್ನ ಹೂವಿನ ಹೊದಿಕೆ ತಂದು ಕುರ್ಚಿ ಹತ್ತಿ ಕನ್ನಡಿಯ ಮೇಲೆ ಇಳಿಬಿಟ್ಟಳು, ಈಗ ಅವನು ಹೋದ ಬಾ, ಅಂದಳು, ಮಂಚದ ಪಕ್ಕ ನೆಲದ ಮೇಲೆ ಕೂತು ಕಾದಳು, ಎಳೆಯಲಿಲ್ಲ, ನಾನೇ ಬರುವ ತನಕ.

ಈಗಲೂ ಹಾಗೆಯೇ ಕಾಯುತ್ತಿದ್ದಾಳೆ, ಕೊನೆಗೂ ಕೂತಳು, ಹೆಂಡತಿ ಸ್ಟೂಲು ತಂದಿಟ್ಟಳು, ಬಾಯಲ್ಲಿ ಮೊಳೆ ಇಲ್ಲ, ಪೆಟ್ಟಿಗೆಯ ಪಕ್ಕದ ಬಾಗಿಲಿಂದ ಅಂಗೈ ಮಲಗಿಸಿ ಇಟ್ಟಿದ್ದಾಳೆ ಅಕ್ಕ, ಅವನು ಬರುತ್ತಿಲ್ಲ, ಮೂಲೆಗೆ ಒತ್ತಿಕೊಂಡಿದ್ದಾನೆ, ಮೊದಲಿನ ಹಾಗಾದರೆ ಅಂತ ಯಾರೂ ಹೇಳುತ್ತಿಲ್ಲ, ಎಲ್ಲರಿಗೂ ಕೇಳಿಸುತ್ತಿದೆ, ಹೊರಗೆ ಕ್ಷೌರದಂಗಡಿಯವನು ಇಣುಕಿ, ಏನ್ ಗುರುಗಳೇ ಸೆಲ್ಯೂಟ್ ಆಯ್ತಾ, ಅಂದ, ಹೆಂಡತಿ ಶಟರ್ ಅರ್ಧ ಇಳಿಸಿದಳು, ಗಡ್ಡ ಸ್ವಲ್ಪ, ಒಂದು ಎಳೆಯಷ್ಟು, ಇದ್ದಿಲಿನಿಂದ ಬೂದಿಗೆ ಬಂತಾ, ಬಂತು, ಅಥವಾ ಶಾಲಿನ ನೆರಳಾ, ಆ ಕೈ, ತಮ್ಮಾ, ಅದು ನಮಸ್ಕಾರ ಅಲ್ಲ, ಎದುರಿಗಿದ್ದವನು ದೊಡ್ಡವನು, ಬಿಟ್ಟುಬಿಡು, ನಾನು ಚಿಕ್ಕವನು, ನನ್ನಿಂದ ಏನೂ ತೊಂದರೆ ಇಲ್ಲ ಅಂತ ಹೇಳೋದು, ಗಡ್ಡ ಕಪ್ಪಾಗಿದ್ದೂ ಹೆದರಿಕೆಗೇ, ಅಂದಳು ಅಕ್ಕ, ನನ್ನ ಕಡೆ ನೋಡದೆ, ಹಾಳೆಯಲ್ಲಿ ಬರೆದಿದ್ದೆನಲ್ಲ, ಓದಲಿಲ್ವಾ, ಓದಿದೆ ಅಕ್ಕಾ, ಬಾಯಿಪಾಠ ಮಾಡಿದ್ದೇನೆ, ಅಂತ ಬಾಯಿಗೆ ಬಂತು, ಬಂದದ್ದು ಹಲ್ಲಿನ ಹಿಂದೆ ನಿಂತಿತು, ಅವಳು ತಿರುಗಿದಳು, ಮತ್ತೆ ನಿಂಗೆ ಗೊತ್ತೇ ಆಗಲಿಲ್ವಾ, ಅಂದಳು, ಗೊತ್ತಿರಲಿಲ್ಲ ಅಂದರೆ ಮುಗಿಯಿತು, ನಂಬುತ್ತಾಳೆ, ದಡ್ಡ ಅಂತ ಬಿಟ್ಟುಬಿಡುತ್ತಾಳೆ — ಗೊತ್ತಿತ್ತು, ಅಂದೆ, ಮೂರನೇ ದಿನವೇ ಗೊತ್ತಿತ್ತು ಅಕ್ಕಾ, ಗಾಜು ಒರೆಸೋಕೆ ಪೆಟ್ಟಿಗೆ ತಿರುಗಿಸಿದೆ, ಅವನು ನನ್ನ ಕಡೆ ನೋಡಲಿಲ್ಲ, ಕನ್ನಡಿಯ ಕಡೆಗೇ ತಿರುಗಿ ಕೈ ಎತ್ತಿದ, ಒಂದು ಸಲವೂ ನನಗೆ ಎತ್ತಿಲ್ಲ, ನಾನೂರೂ ಇಲ್ಲ, ನಲವತ್ತೂ ಇಲ್ಲ, ಒಂದೂ ಇಲ್ಲ, ಗೊತ್ತಿದ್ದೂ ತೆಗೆಯಲಿಲ್ಲ, ಜನ ಬರ್ತಿದ್ರು, ಮೊಸಳೆಯೂ ಸುಳ್ಳು, ಎದೆಮೇಲೆ ಮಲಗಿದ್ದೂ ಸುಳ್ಳು, ಮುಟ್ಟೇ ಇಲ್ಲ, ಮುಟ್ಟೋಕೆ ನನಗೇ ಭಯ, ಅಂದೆ, ಹೇಳುತ್ತಾ ಇದ್ದ ಹಾಗೆ ಏನೋ ಮೇಲೆದ್ದು ಗಾಳಿಯಲ್ಲಿ ತಿರುಗುತ್ತಿದೆ, ಅಕ್ಕ ಅದನ್ನೇ ನೋಡುತ್ತಿದ್ದಾಳೆ, ಅಜ್ಜಯ್ಯನೂ ಶಾಲಿನ ಅಂಚಿನಿಂದ ಒಂದು ಕಣ್ಣಲ್ಲಿ ಅದನ್ನೇ, ಐದು ಬೆರಳು ಬಿಡಿಸಿಕೊಂಡು, ಗಾಜು ಒರೆಸುವ ಹಾಗೆ, ನಿಧಾನವಾಗಿ ಒಂದು ಸುತ್ತು, ನನ್ನದೇ ಬಲಗೈ