ಲೀಸಮ್ಮನ ಕೂದಲಿಗೆ ಹಿಡಿದ ಹಸಿರು

ಲೀಸಮ್ಮನ ಕೂದಲು ಹಸಿರಾಗುತ್ತಿದೆ ಎಂಬುದನ್ನು ಮೊದಲು ಕಂಡವಳು ಶೀಲಾವತಿ. ಕಂಡರೂ ಕೆಲವು ದಿನ ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಹೆರಿಗೆಮನೆಯ ಜಗಲಿಯಲ್ಲಿ ಕುಳಿತು ಲೀಸಮ್ಮ ತಲೆ ಒಣಗಿಸುವಾಗ, ಬೆನ್ನ ಮೇಲೆ ಹರಡಿದ ಬೈಹುಲ್ಲಿನ ಬಣ್ಣದ ಕೂದಲ ತುದಿಯಲ್ಲಿ ಎಳೆ ಬಾಳೆಲೆಯ ಛಾಯೆ ಕಾಣುತ್ತಿತ್ತು. ಬಿಸಿಲಿಗೆ ಹಾಗೆ ಕಾಣುವುದೋ, ಅಂಗಳದ ಗಿಡಗಳ ನೆರಳೋ ಎಂದು ಶೀಲಾವತಿ ಬೇರೆ ಬೇರೆ ಕಡೆ ನಿಂತು ನೋಡಿದಳು. ಎಲ್ಲಿಂದ ನೋಡಿದರೂ ಹಸಿರು ಹಸಿರೇ.

ಲೀಸಮ್ಮ ಡೆನ್ಮಾರ್ಕಿನವಳು. ಸರಿಯಾದ ಹೆಸರು ಅನೆಲೀಸೆ. ಹೆರಿಗೆ ಮಾಡಿಸುವುದನ್ನು ಕಲಿತ ನರ್ಸು. ಅರವತ್ತೊಂದರ ದೀಪಾವಳಿ ಮುಗಿದ ಮೇಲೆ ನರಿಮೊಗರಿಗೆ ಬಂದು, ಬೋಜಪ್ಪ ಗೌಡರು ಬಿಟ್ಟುಕೊಟ್ಟ ಹೆಂಚಿನ ಮನೆಯಲ್ಲಿ ಎರಡು ಮಂಚ ಹಾಕಿಸಿ ಹೆರಿಗೆಮನೆ ತೆರೆದಿದ್ದಳು. ಮಂಗಳೂರಿನಲ್ಲಿ ಒಂದು ವರ್ಷ ಇದ್ದು ಕನ್ನಡ ಕಲಿತಿದ್ದಳು. ಶೀಲಾವತಿ ಸುಳ್ಯದ ಕಡೆಯವಳು, ಎಂಟನೆಯವರೆಗೆ ಓದಿದವಳು. ನರಿಮೊಗರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಇಲ್ಲಿ ಸಹಾಯಕ್ಕೆ ಸೇರಿದ್ದಳು. ಬಟ್ಟೆ ಕುದಿಸುವುದು, ನೀರು ಕಾಯಿಸುವುದು, ಬಸುರಿಯರ ಮನೆಗೆ ಹೋಗಿ ಕರೆದು ಬರುವುದು ಅವಳ ಕೆಲಸ. ಲೀಸಮ್ಮನ ತಲೆಸ್ನಾನಕ್ಕೆ ದಾಸವಾಳದ ಸೊಪ್ಪು ಕಿವುಚಿ ಲೋಳೆಯಾದ ಗೊಂಪು ಮಾಡಿಕೊಡುವುದು ಯಾರೂ ಹೇಳದೆ ಅವಳೇ ಮೈಮೇಲೆ ಹಾಕಿಕೊಂಡ ಕೆಲಸ.

ಅದಕ್ಕೇ ಅವಳಿಗೆ ಭಯ. ಸೊಪ್ಪು ಹಸಿರು, ಗೊಂಪು ಹಸಿರು, ಈಗ ಕೂದಲೂ ಹಸಿರು. ಅವಳು ಸದ್ದಿಲ್ಲದೆ ಗೊಂಪು ನಿಲ್ಲಿಸಿ ಅಂಟುವಾಳದ ಕಾಯಿ ಕೊಟ್ಟಳು. ಹಸಿರು ಕಡಿಮೆಯಾಗಲಿಲ್ಲ. ತುದಿಯಲ್ಲಿದ್ದದ್ದು ಕಿವಿಯವರೆಗೆ ಏರಿತು.

ಅಷ್ಟರಲ್ಲಿ ಪೂವಕ್ಕ ನೋಡಿಬಿಟ್ಟಳು.

ಪೂವಕ್ಕನ ಸೊಸೆ ಸೇವಂತಿಗೆ ದಿನ ತುಂಬುತ್ತ ಬಂದಿತ್ತು. ಮೊದಲ ಹೆರಿಗೆ ಅವರ ಮನೆಯಲ್ಲೇ ಆಗಿ, ಮಗು ಅಡ್ಡ ಬಂದು ಉಳಿಯಲಿಲ್ಲ; ಸೇವಂತಿ ಉಳಿದದ್ದೇ ಹೆಚ್ಚು. ಈ ಸಲ ಹೆರಿಗೆಮನೆಗೇ ಹೋಗುತ್ತೇನೆಂದು ಅವಳು ಹಟ ಹಿಡಿದಿದ್ದಳು. ಶೀಲಾವತಿ ಮತ್ತೆ ಮತ್ತೆ ಹೋಗಿ ಹೇಳಿ, ಪೂವಕ್ಕ ಕಷ್ಟದಲ್ಲಿ ಒಪ್ಪಿದ್ದಳು. ಸೊಸೆಯನ್ನು ಕಳಿಸುವ ಮೊದಲು ಮಂಚ ಎಷ್ಟು ಗಟ್ಟಿ ಎಂದು ನೋಡಲು ಬಂದವಳು ಜಗಲಿಯಲ್ಲಿ ತಲೆ ಒಣಗಿಸುತ್ತಿದ್ದ ಲೀಸಮ್ಮನನ್ನು ಕಂಡು ಅಂಗಳದಿಂದಲೇ ತಿರುಗಿದಳು. ಶೀಲಾವತಿ ಬೇಲಿಯ ದಣಪೆಯವರೆಗೆ ಓಡಿ ಅವಳನ್ನು ಹಿಡಿದಳು.

"ತಲೆಯಲ್ಲಿ ಪಾಚಿ ಬೆಳೆದವಳ ಕೈಗೆ ನಮ್ಮ ಸೊಸೆಯನ್ನು ಕೊಡುದಾ?" ಎಂದಳು ಪೂವಕ್ಕ.

"ಪಾಚಿ ಅಲ್ಲ ಪೂವಕ್ಕ."

"ಮತ್ತೆ ಎಂತ?"

ಪೂವಕ್ಕ ದಣಪೆಯ ಗಳು ಸರಿಸಿದಳು.

"ಬಂದಾಗ ಬೈಹುಲ್ಲಿನ ಹಾಗೆ ಇತ್ತು. ಈಗ ಕೆರೆಯ ಹಾಗೆ ಉಂಟು. ಅವಳಿಗೆ ಎಂತದ್ದೋ ಹಿಡಿದಿದೆ. ಹಿಡಿದದ್ದು ಕೈಯಿಂದ ಮಗುವಿಗೆ ಹೋಗುದಿಲ್ಲ ಅಂತ ನೀನು ಬರೆದು ಕೊಡ್ತೀಯಾ?"

"ಇಲ್ಲ," ಎಂದಳು ಶೀಲಾವತಿ. ಗೊತ್ತಿಲ್ಲದ್ದನ್ನು ಗೊತ್ತು ಎನ್ನುವುದು ಅವಳಿಂದಾಗುತ್ತಿರಲಿಲ್ಲ.

"ಎಂತ ಅಂತ ಗೊತ್ತಾದ ಮೇಲೆ ಬಾ ಮಗಾ. ಅಲ್ಲಿವರೆಗೆ ಸೇವಂತಿ ಮನೆಯಲ್ಲೇ ಇರ್ತಾಳೆ."

ಅಂದು ಮಧ್ಯಾಹ್ನ ಶೀಲಾವತಿ ಎಲ್ಲವನ್ನೂ ಲೀಸಮ್ಮನಿಗೆ ಹೇಳಿದಳು, ಗೊಂಪಿನ ವಿಷಯವನ್ನೂ ಸೇರಿಸಿ. ಲೀಸಮ್ಮನ ಹತ್ತಿರ ಇದ್ದದ್ದು ಅಂಗೈಯಗಲದ ಕನ್ನಡಿ. ಮುಖ ಕಂಡರೆ ಜಡೆ ಕಾಣದು. ಅವಳು ಜಡೆಯನ್ನು ಮುಂದಕ್ಕೆ ಎಳೆದು ಬಾಗಿಲ ಬೆಳಕಿಗೆ ಹಿಡಿದಳು.

"ಹೌದು ಮಾರಾಯ್ತಿ," ಎಂದು ನಕ್ಕಳು. "ನಾನು ಕಪ್ಪೆ ಆಗ್ತಾ ಇದ್ದೇನೆ."

ಪೂವಕ್ಕ ಹೇಳಿದ್ದನ್ನು ಕೇಳಿದ ಮೇಲೆ ನಗು ನಿಂತಿತು. "ನಾನು ಮುಟ್ಟಿ ನೋಡಿದ್ದೇನೆ, ಸೇವಂತಿಯ ಮಗು ಈ ಸಲವೂ ಅಡ್ಡ ಉಂಟು. ಮನೆಯಲ್ಲಿ ಆಗುದಿಲ್ಲ. ಕೂದಲು ತಿಳಿ ಮಾಡುದು ದೊಡ್ಡ ಸಂಗತಿ ಅಲ್ಲ. ನಮ್ಮ ಊರಲ್ಲಿ ಹುಡುಗಿಯರು ಪೆರಾಕ್ಸೈಡ್ ಹಾಕ್ತಾರೆ, ಕಂದು ಇದ್ದದ್ದು ಹಳದಿ ಆಗ್ತದೆ. ಹಸಿರು ಕೂಡ ಹೋಗಬೇಕು."

ಪುತ್ತೂರಿನಿಂದ ಬಸ್ಸಿನಲ್ಲಿ ಮದ್ದು ತರುತ್ತಿದ್ದ ಕಂಪೌಂಡರ್ ಶುಕೂರ್ ಆ ವಾರ ಕಂದು ಬಣ್ಣದ ಸೀಸೆಯೊಂದನ್ನು ತಂದುಕೊಟ್ಟರು. "ಗಾಯ ತೊಳೆಯುವುದಲ್ಲ ಇದು, ಗಟ್ಟಿಯದ್ದು," ಎಂದರು. "ನೀರು ಹಾಕದೆ ಮುಟ್ಟಬೇಡಿ. ಯಾರಿಗೆ ಇಷ್ಟು?"

"ನನ್ನ ತಲೆಗೆ," ಎಂದಳು ಲೀಸಮ್ಮ.

ಶುಕೂರ್ ಅವಳ ತಲೆಯನ್ನು ನೋಡಿ ಬಸ್ಸಿಗೆ ಹೊರಟರು.

ಲೀಸಮ್ಮ ಹೆಗಲಿಗೆ ಟವೆಲ್ಲು ಹಾಕಿಕೊಂಡು ಸ್ಟೂಲಿನ ಮೇಲೆ ಕುಳಿತಳು. ಶೀಲಾವತಿ ಸೀಸೆ ಹಿಡಿದು ನಿಂತವಳು ಮುಚ್ಚಳ ತೆಗೆಯಲಿಲ್ಲ.

"ಅಮ್ಮ, ನೀವೇ ಹೇಳಿದ್ದಲ್ವಾ, ಹೊಸ ಮದ್ದು ಮೊದಲು ಸ್ವಲ್ಪವೇ ಹಾಕಿ ನೋಡಬೇಕು ಅಂತ."

"ಇದು ಹೊಸತಲ್ಲ. ನಾನು ಚಿಕ್ಕವಳಾಗಿದ್ದಾಗಿನಿಂದ ನೋಡಿದ್ದು."

"ಹಸಿರು ಕೂದಲಿಗೆ ಹಾಕಿದ್ದನ್ನು ನೋಡಿದ್ದೀರಾ?"

"ಇಲ್ಲ," ಎಂದಳು ಲೀಸಮ್ಮ. "ಆಯ್ತು, ನೋಡುವ."

ಬಾಚಣಿಗೆಯಲ್ಲಿ ಉಳಿದಿದ್ದ ಲೀಸಮ್ಮನ ಕೂದಲನ್ನು ಶೀಲಾವತಿ ಉಂಡೆಮಾಡಿ ಒಂದು ಪಿಂಗಾಣಿ ಬಟ್ಟಲಿಗೆ ಹಾಕಿದಳು. ಇನ್ನೊಂದು ಬಟ್ಟಲಿಗೆ ತನ್ನದೇ ಕಪ್ಪು ಕೂದಲ ಉಂಡೆ. ಎರಡಕ್ಕೂ ನೀರು ಬೆರೆಸಿದ ಮದ್ದನ್ನು ಒಂದೇ ಅಳತೆಯಲ್ಲಿ ಹೊಯ್ದಳು. ಕಪ್ಪು ಕೂದಲು ಸುಮ್ಮನೆ ಬಿದ್ದುಕೊಂಡಿತ್ತು; ಅಲ್ಲೊಂದು ಇಲ್ಲೊಂದು ಗುಳ್ಳೆ. ಹಸಿರು ಕೂದಲಿನ ಬಟ್ಟಲು ನೋಡನೋಡುತ್ತಿದ್ದಂತೆ ನೊರೆ ಕಾರಿ ಉಕ್ಕಿತು. ಬಟ್ಟಲನ್ನು ಆಚೆ ಸರಿಸಲು ಹೋದ ಶೀಲಾವತಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಬಿಸಿ ಉಂಟು ಅಮ್ಮ. ಒಲೆಯಿಂದ ಇಳಿಸಿದ ಹಾಗೆ."

ನೊರೆ ಇಳಿದ ಮೇಲೆ ಲೀಸಮ್ಮ ಚಿಮಟದಿಂದ ಕೂದಲನ್ನು ಎತ್ತಿದಳು. ಅದು ನೆನೆದ ಹತ್ತಿಯಂತೆ ಜಗ್ಗಿ, ಅಲ್ಲಲ್ಲಿ ತುಂಡಾಗಿ ಬಟ್ಟಲಿಗೇ ಬಿತ್ತು. ಅವಳ ಕೈ ತಾನಾಗಿಯೇ ತಲೆಗೆ ಹೋಯಿತು. ಟವೆಲ್ಲು ತೆಗೆದು ಮಡಚಿಟ್ಟಳು.

"ನಿನ್ನ ಕೂದಲಲ್ಲಿ ಇಲ್ಲದ ಒಂದು ವಸ್ತು ನನ್ನ ಕೂದಲಲ್ಲಿ ಉಂಟು," ಎಂದಳು. "ಬಣ್ಣ ಮಾತ್ರ ಅಲ್ಲ. ವಸ್ತು. ಅದು ಎಲ್ಲಿಂದ ಬರ್ತದೆ?"

ಆ ಪ್ರಶ್ನೆ ಶೀಲಾವತಿಯ ತಲೆಯೊಳಗೆ ಕುಳಿತುಬಿಟ್ಟಿತು. ಇಬ್ಬರೂ ಹಚ್ಚುವುದು ಒಂದೇ ತೆಂಗಿನೆಣ್ಣೆ. ಗೊಂಪನ್ನು ಅವಳೂ ಹಾಕುತ್ತಾಳೆ. ಬಾವಿಯೂ ಒಂದೇ, ಸೋದರಮಾವನ ಮನೆಯವರೂ ಇಲ್ಲಿಂದಲೇ ನೀರು ಸೇದುವುದು. ಆದರೆ ಅಲ್ಲಿ ಸ್ನಾನದ ನೀರು ಕಾಯುವುದು ಮಣ್ಣಿನ ಮಡಕೆಯಲ್ಲಿ. ಇಲ್ಲಿ ಬೋಜಪ್ಪ ಗೌಡರು ಕೊಟ್ಟ ತಾಮ್ರದ ಹಂಡೆಯಲ್ಲಿ.

ಅವಳು ಬಚ್ಚಲುಮನೆಗೆ ಹೋಗಿ ನೋಡಿದಳು. ಹಂಡೆಯಿಂದ ಚೆಂಬಿನಲ್ಲಿ ನೀರು ತೆಗೆಯುವಾಗ ತುಳುಕಿ ಬೀಳುವ ಕಡೆ, ಸುಣ್ಣ ಬಳಿದ ಗೋಡೆಯ ಮೇಲೆ, ನೀರು ಇಳಿದ ದಾರಿಯುದ್ದಕ್ಕೂ ತೆಳುವಾದ ಹಸಿರು ಗೀರು. ದಿನಾ ಕಾಣುತ್ತಿದ್ದುದೇ. ಪಾಚಿ ಎಂದುಕೊಂಡಿದ್ದಳು. ಉಗುರಿನಿಂದ ಕೆರೆದಳು, ಪಾಚಿಯಂತೆ ಜಾರಲಿಲ್ಲ, ಪುಡಿಯಾಗಿ ಉದುರಿತು. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರೆ ಹಿಡಿಯುವ ಕಿಲುಬಿನಂತೆ.

ಅವಳು ಹಂಡೆಯೊಳಗೆ ಇಣುಕಿದಳು. ಹಂಡೆ ಇದ್ದವರೆಲ್ಲ ಅದರ ಹೊರಮೈಯನ್ನು ಮಾತ್ರ ಬೆಳಗುತ್ತಾರೆ, ಅದೂ ದೀಪಾವಳಿಗೆ ನೀರು ತುಂಬಿಸುವ ಹಬ್ಬದಂದು. ಒಳಗೆ ಕಪ್ಪಗೆ ಪದರ ಕಟ್ಟಿರುತ್ತದೆ. ಅದನ್ನು ಯಾರೂ ಮುಟ್ಟುವುದಿಲ್ಲ. ಲೀಸಮ್ಮ ಬಂದ ದಿನವೇ, ಹೆರಿಗೆಮನೆಯಲ್ಲಿ ಎಲ್ಲವೂ ಒಳಗೂ ಹೊರಗೂ ಶುಚಿಯಾಗಿರಬೇಕು ಎಂದಿದ್ದಳು. ಅಂದಿನಿಂದ ಶೀಲಾವತಿ ಹಂಡೆಯೊಳಗೆ ತಲೆ ತೂರಿಸಿ, ಹುಳಿಹುಳಿಯಾದ ಬಿಂಬುಳಿ ಕಾಯಿ ಜಜ್ಜಿ, ತೆಂಗಿನ ನಾರಿನಿಂದ ದಿನ ಬಿಡದೆ ತಿಕ್ಕುತ್ತಿದ್ದಳು. ಒಳಗೆ ಮುಖ ಕಾಣುವಷ್ಟು ಹೊಳಪು ಬಂದಿತ್ತು. ತಡೆಯುವ ಪದರ ಹೋಗಿ, ತಾಮ್ರದ ಆ ಹೊಳಪೇ ನೀರಿಗೆ ಇಳಿದು ಲೀಸಮ್ಮನ ತಲೆಗೆ ಹೋಗಿರಬಹುದು.

"ಇರಬಹುದು" ಎಂದರೆ ಪೂವಕ್ಕ ಒಪ್ಪುವಳಲ್ಲ. ಶೀಲಾವತಿಗೇ ಅದು ಸಾಲದು. ಹಂಡೆಯ ನೀರಿನಲ್ಲಿ ಇಟ್ಟ ಕೂದಲು ಹಸಿರಾಗುವುದನ್ನು ಕಣ್ಣಿನಿಂದ ನೋಡಬೇಕು. ಲೀಸಮ್ಮನ ಕೂದಲು ಆಗಲೇ ಹಸಿರು, ತನ್ನದು ಕಪ್ಪು. ಪರೀಕ್ಷೆಗೆ ಬೇಕಾದದ್ದು ಬಿಳಿ ಕೂದಲು.

ಪೂವಕ್ಕನ ತಲೆ ಬೆಳ್ಳಗೆ ಹತ್ತಿಯಂತಿತ್ತು.

"ನನ್ನ ಕೂದಲು ಯಾಕೆ ನಿನಗೆ?" ಪೂವಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಮಾಟ ಮಾಡುದಾ?"

"ಎರಡು ಬಟ್ಟಲಲ್ಲಿ ಹಾಕಿ ಇಡುದು. ಒಂದರಲ್ಲಿ ಮಡಕೆಯ ನೀರು, ಒಂದರಲ್ಲಿ ನಮ್ಮ ಹಂಡೆಯ ನೀರು. ಯಾವುದು ಹಸಿರಾಗ್ತದೆ ನೋಡುದು."

"ನನ್ನ ಕೂದಲು ಈ ಮನೆಯಿಂದ ಹೊರಗೆ ಹೋಗುದಿಲ್ಲ."

"ಬೇಡ. ಬಟ್ಟಲು ಇಲ್ಲೇ ಇರಲಿ. ನೀವೇ ಕಾಯಿರಿ."

ಒಳಗಿನ ಕೋಣೆಯ ಬಾಗಿಲಲ್ಲಿ ಸೇವಂತಿ ಬಂದು ನಿಂತಳು. ಹೊಟ್ಟೆ ಒಂದು ಬದಿಗೆ ವಾಲಿದಂತಿತ್ತು. "ಕೊಡಿ ಅತ್ತೆ," ಎಂದಳು. "ಒಂದು ಕೂದಲಿಗೆ ಎಂತ ಆಗ್ತದೆ ನಿಮಗೆ? ಹೋದ ಸಲ ನನಗೆ ಆದದ್ದನ್ನು ನೋಡಿದ್ದೀರಲ್ಲ."

ಪೂವಕ್ಕ ಸೊಸೆಯನ್ನು ನೋಡಿದಳು. ಆಮೇಲೆ ಬಾಚಣಿಗೆ ತಂದು ತಾನೇ ತಲೆ ಬಾಚಿ, ಬಂದ ಕೂದಲನ್ನು ಎರಡು ಪಾಲು ಮಾಡಿದಳು. ಅಂಟಿದ ಎಣ್ಣೆಯನ್ನು ಅಂಟುವಾಳದಲ್ಲಿ ತೊಳೆದವಳೂ ಅವಳೇ. ಎರಡು ಬಟ್ಟಲನ್ನೂ ಅಕ್ಕಿಪೆಟ್ಟಿಗೆಯ ಮೇಲಿಟ್ಟು, ಯಾವುದರಲ್ಲಿ ಯಾವ ನೀರು ಎಂಬುದು ಮರೆಯಬಾರದೆಂದು ಹಂಡೆಯ ನೀರಿನ ಬಟ್ಟಲ ಪಕ್ಕ ಒಂದು ಅಡಕೆ ಇಟ್ಟಳು.

ಆಮೇಲಿನ ದಿನಗಳಲ್ಲಿ ಶೀಲಾವತಿಗೆ ಅದೇ ಯೋಚನೆ. ಕೂದಲು ಹಸಿರಾಗದಿದ್ದರೆ? ಹಸಿರಾಗುವ ಮೊದಲೇ ಸೇವಂತಿಗೆ ನೋವು ಬಂದರೆ? ದಣಪೆ ಸರಿದ ಸದ್ದಾದಾಗಲೆಲ್ಲ ಕೈಯ ಕೆಲಸ ಬಿಟ್ಟು ಇಣುಕುತ್ತಿದ್ದಳು.

ಕೊನೆಗೊಂದು ಬೆಳಿಗ್ಗೆ ಪೂವಕ್ಕನೇ ಬಂದಳು. ಕೈಯಲ್ಲಿ ಬಾಳೆಲೆ ಮುಚ್ಚಿದ ಬಟ್ಟಲು. ಜಗಲಿಯಲ್ಲಿ ಕುಳಿತು, ಎಲೆ ತೆಗೆದು, ಒಂದು ಎಳೆಯನ್ನು ಬಿಸಿಲಿಗೆ ಹಿಡಿದಳು. ಬಿಳಿ ಕೂದಲಿಗೆ ತಿಳಿಯಾದ ಹಸಿರು ಹಿಡಿದಿತ್ತು.

"ಮಡಕೆಯದ್ದು?" ಶೀಲಾವತಿ ಕೇಳಿದಳು.

"ಅದು ನನ್ನ ತಲೆಯ ಹಾಗೇ ಉಂಟು." ಪೂವಕ್ಕ ಎಳೆಯನ್ನು ಬೆರಳಲ್ಲಿ ಹೊರಳಿಸಿದಳು. "ಹಂಡೆಯ ಹೊಟ್ಟೆಯನ್ನು ಬೆಳಗುದು ಯಾರು ಮಾರಾಯ್ತಿ? ನಿನಗೆ ಬೇರೆ ಕೆಲಸ ಇಲ್ವಾ?"

ಲೀಸಮ್ಮ ಹೊರಗೆ ಬಂದಳು. ಪೂವಕ್ಕ ಈ ಸಲ ಮುಖ ತಿರುಗಿಸಲಿಲ್ಲ. ಅವಳ ಜಡೆಯನ್ನೂ ತನ್ನ ಕೈಯ ಎಳೆಯನ್ನೂ ಬದಿಬದಿಯಲ್ಲಿ ನೋಡಿದಳು. "ಒಂದೇ ಬಣ್ಣ. ಬಂದದ್ದು ಗೊತ್ತಾಯ್ತು. ಹೋಗುದು ಹೇಗೆ?"

ಅದನ್ನೂ ಶೀಲಾವತಿ ಯೋಚಿಸಿಟ್ಟಿದ್ದಳು. ಹೇಳಲು ಧೈರ್ಯ ಬಂದಿರಲಿಲ್ಲ. ಹಂಡೆಯಿಂದ ಕಿಲುಬನ್ನು ತೆಗೆಯುವುದು ಬಿಂಬುಳಿ. ಕೂದಲಿನಿಂದಲೂ ತೆಗೆಯಬಹುದು. ಆದರೆ ತಾಮ್ರವನ್ನೇ ಸುಲಿಯುವ ಹುಳಿ ನೆತ್ತಿಯ ಚರ್ಮಕ್ಕೆ ಏನು ಮಾಡೀತು?

"ಮೊದಲು ಇದಕ್ಕೆ ಹಾಕುವ," ಎಂದು ಪೂವಕ್ಕನ ಬಟ್ಟಲನ್ನು ತೆಗೆದುಕೊಂಡಳು. ಬಿಂಬುಳಿಯ ರಸಕ್ಕೆ ಮಡಕೆಯ ನೀರನ್ನು ಧಾರಾಳವಾಗಿ ಬೆರೆಸಿ ಹೊಯ್ದಳು. ನೊರೆ ಬರಲಿಲ್ಲ. ಬಟ್ಟಲು ತಣ್ಣಗೇ ಇತ್ತು. ಸ್ವಲ್ಪ ಹೊತ್ತಿನಲ್ಲಿ ಎಳೆಯ ಹಸಿರು ಮಾಸತೊಡಗಿತು. ಎಳೆದು ನೋಡಿದಳು, ತುಂಡಾಗಲಿಲ್ಲ. ಆಮೇಲೆ ಅದೇ ನೀರನ್ನು ತನ್ನ ಮೊಣಕೈಯ ಒಳಬದಿಗೆ ಹಚ್ಚಿಕೊಂಡು ಕುಳಿತಳು. ಮೂವರೂ ಆ ಕೈಯನ್ನೇ ನೋಡುತ್ತಿದ್ದರು.

"ಉರಿ ಉಂಟಾ?" ಲೀಸಮ್ಮ ಕೇಳಿದಳು.

"ಇಲ್ಲ. ಆದರೂ ನಾಳೆಯವರೆಗೆ ನೋಡುವ."

"ಇವಳನ್ನು ಗಂಡು ನೋಡ್ಲಿಕ್ಕೆ ಬಂದರೆ ಅವನನ್ನೂ ಒಂದು ದಿನ ಬಟ್ಟಲಲ್ಲಿ ಇಟ್ಟು ನೋಡ್ತಾಳೆ," ಎಂದಳು ಪೂವಕ್ಕ.

ಮರುದಿನ ಕೈ ಕೆಂಪಾಗಿರಲಿಲ್ಲ. ಲೀಸಮ್ಮ ತನ್ನ ಮೊಣಕೈಗೂ ಹಚ್ಚಿ ನೋಡಿಕೊಂಡಳು. ಅದರ ಮರುದಿನ ನೆತ್ತಿಗೆ ದಪ್ಪವಾಗಿ ಎಣ್ಣೆ ಹಚ್ಚಿ, ಜಡೆಯನ್ನು ಮಾತ್ರ ಆ ನೀರಿನಲ್ಲಿ ಅದ್ದಿದರು. ಮೊದಲು ಹಿಂದಿನ ಒಂದು ಎಳೆ, ಆಮೇಲೆ ಉಳಿದದ್ದು. ತೊಳೆಯಲು ಮಡಕೆಯ ನೀರು. ಚೆಂಬು ಹಿಡಿದು ಹೊಯ್ದವಳು ಪೂವಕ್ಕ, ಬೇಡವೆಂದರೂ ಕೇಳಲಿಲ್ಲ. ಎರಡು ಸಲ ಹಾಗೆ ಮಾಡಿದ ಮೇಲೆ ಹಸಿರು ಹೋಯಿತು. ಮೊದಲಿನ ಬಣ್ಣವೇ ಬಂತು ಎನ್ನಲಾಗದು. ಸ್ವಲ್ಪ ಒರಟಾಗಿ, ಮಳೆಗೆ ಸಿಕ್ಕಿ ಮತ್ತೆ ಒಣಗಿದ ಬೈಹುಲ್ಲಿನಂತೆ ಕಾಣುತ್ತಿತ್ತು. ಆದರೆ ಹಿಡಿದು ಜಗ್ಗಿದರೆ ಗಟ್ಟಿಯಾಗಿತ್ತು.

"ಹಸಿರು ಹಿಡಿಯುದಾದರೆ," ಎಂದಳು ಪೂವಕ್ಕ ತನ್ನ ತಲೆ ಮುಟ್ಟಿಕೊಂಡು, "ಕಪ್ಪು ಹಿಡಿಸುವ ಹಂಡೆ ಎಲ್ಲಿಯಾದರೂ ಉಂಟಾ?"

ಸೇವಂತಿಗೆ ಆ ವಾರವೇ ನೋವು ಶುರುವಾಯಿತು. ಪೂವಕ್ಕನ ಮಗ ಗಾಡಿ ಕಟ್ಟಿದ. ಗಾಡಿಯಲ್ಲಿ ಸೊಸೆಯ ಪಕ್ಕ ಕುಳಿತಿದ್ದ ಪೂವಕ್ಕನ ಮಡಿಲಲ್ಲಿ ಹೊಸ ಮಣ್ಣಿನ ಮಡಕೆ ಇತ್ತು. "ಮಗುವಿನ ಸ್ನಾನಕ್ಕೆ," ಎಂದು ಶೀಲಾವತಿಯ ಕೈಗೆ ಕೊಟ್ಟಳು. "ನಿನ್ನ ಹಂಡೆಯನ್ನು ನಾನು ನಂಬುದಿಲ್ಲ."

ಲೀಸಮ್ಮ ತಲೆಗೆ ಬಿಳಿ ಬಟ್ಟೆ ಬಿಗಿದು ಒಳಗೆ ಹೋದಳು. ಮಗುವನ್ನು ಹೊಟ್ಟೆಯ ಮೇಲಿನಿಂದಲೇ ಒತ್ತಿ ಒತ್ತಿ ತಿರುಗಿಸಬೇಕಾಗಿತ್ತು. ಶೀಲಾವತಿ ಸೇವಂತಿಯ ಹೆಗಲು ಹಿಡಿದು ಕುಳಿತಳು. ಬಹಳ ಹೊತ್ತಾಯಿತು. ನಡುವೆ ಬಿಸಿನೀರಿಗೆಂದು ಅವಳು ಹೊರಗೆ ಬಂದಾಗ ಪೂವಕ್ಕ ಒಲೆಯ ಮುಂದೆ ಮಡಕೆ ಕಾಯುತ್ತಿದ್ದಳು.

"ತಿರುಗಿತಾ?"

"ತಿರುಗಿತು. ತಲೆ ಕೆಳಗೆ ಬಂದಿದೆ, ಇನ್ನು ತಡ ಇಲ್ಲ."

ಪೂವಕ್ಕ ಕಣ್ಣು ಒರೆಸಿಕೊಂಡು ಬೆಂಕಿಗೆ ಒಂದು ತೆಂಗಿನ ಗರಿ ತುರುಕಿದಳು. "ಶೀಲಾ, ಒಂದು ಕೇಳುದು. ಊರಿನವರ ಕಪ್ಪು ಕೂದಲಿಗೂ ಅದು ಹಿಡಿದಿರ್ಬಹುದಲ್ವಾ? ಹಂಡೆ ಸುಮಾರು ಮನೆಗಳಲ್ಲಿ ಉಂಟು. ಕಾಣುದಿಲ್ಲ, ಅಷ್ಟೇ."

ಶೀಲಾವತಿ ಅದನ್ನು ಯೋಚಿಸಿರಲಿಲ್ಲ. ತನ್ನ ಜಡೆಯ ತುದಿಯನ್ನು ಬೆಂಕಿಯ ಬೆಳಕಿಗೆ ಹಿಡಿದು ನೋಡಿದಳು. ಏನೂ ತಿಳಿಯಲಿಲ್ಲ. "ಗೊತ್ತಿಲ್ಲ ಪೂವಕ್ಕ," ಎಂದಳು. "ನೋಡಬೇಕು."

ಒಳಗಿನಿಂದ ಮಗು ಅಳುವುದು ಕೇಳಿಸಿತು. ಪೂವಕ್ಕ ಸೆರಗಿನ ತುದಿಯಿಂದ ಮಡಕೆಯ ಕಂಠ ಹಿಡಿದು, ಯಾರನ್ನೂ ಕಾಯದೆ, ಎದ್ದಳು.